ಪಂಪಾವನದ ‘ಪ’ಕಾರ: ತುಂಗಭದ್ರೆಯ ಎಡದಂಡೆಯ ಕೆಲವು ಸ್ಥಳನಾಮಗಳು

ಸ್ಥಳನಾಮಗಳನ್ನು ಕುರಿತ ಕನ್ನಡದ ಅಧ್ಯಯನಗಳು ಬಹುಮಟ್ಟಿಗೆ ಹಳೆಯ ಊರುಗಳ ಹೆಸರುಗಳನ್ನೇ ನೆಚ್ಚಿಕೊಂಡು ಬಂದಿವೆ. ಶಂ.ಬಾ. ಜೋಶಿಯವರ ‘ಎಡೆಗಳು ಹೇಳುವ ಕಂನಾಡ ಕಥೆ’ಯಿಂದ ಮೊದಲ್ಗೊಂಡು ಎಂ.ಎಂ. ಕಲಬುರ್ಗಿಯವರ ಬರಹಗಳವರೆಗೆ ಈ ಕ್ಷೇತ್ರದಲ್ಲಿ ನಡೆದಿರುವ ಚಿಂತನೆ ನಾಡಿನ ಪ್ರಾಚೀನತೆಯನ್ನೂ ಜನಾಂಗಗಳ ಚಲನವಲನವನ್ನೂ ಹೆಸರುಗಳ ಮೂಲಕ ಅರಿಯುವ ಪ್ರಯತ್ನವಾಗಿದೆ. ಶಾಸನೋಕ್ತ ರೂಪ ಯಾವುದು, ಅದು ಇಂದಿನ ರೂಪಕ್ಕೆ ಯಾವ ಹಾದಿಯಲ್ಲಿ ಬಂದಿತು ಎಂಬುದು ಇಂಥ ಅಧ್ಯಯನದ ಮುಖ್ಯ ಪ್ರಶ್ನೆ. ಆದರೆ ಇಪ್ಪತ್ತನೆಯ ಶತಮಾನದಲ್ಲಿ ಹುಟ್ಟಿದ ಹೆಸರುಗಳು, ಅಂದರೆ ಕಾಲನಿ, ಕ್ಯಾಂಪು, ನಾಲೆ, ಉದ್ಯಾನ ಮುಂತಾದವುಗಳ ಹೆಸರುಗಳು, ಅಧ್ಯಯನದ ಅಂಗಳಕ್ಕೆ ಬಂದದ್ದು ಕಡಿಮೆ. ಅವುಗಳಿಗೆ ಶಾಸನದ ಆಧಾರವಿಲ್ಲ. ಧ್ವನಿ ವ್ಯತ್ಯಾಸದ ಇತಿಹಾಸವಿಲ್ಲ. ಅವುಗಳ ಅರ್ಥ ಎಲ್ಲರಿಗೂ ತಿಳಿದೇ ಇದೆ ಎಂಬ ಭಾವನೆ ಇದಕ್ಕೆ ಕಾರಣವಿರಬಹುದು. ಈ ಭಾವನೆ ಎಷ್ಟರಮಟ್ಟಿಗೆ ಸರಿ ಎಂಬುದನ್ನು ಒಂದೇ ಒಂದು ಹೆಸರನ್ನು ಮುಂದಿಟ್ಟುಕೊಂಡು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಆ ಹೆಸರು ‘ಪಂಪಾವನ’. ಕೊಪ್ಪಳ ತಾಲೂಕಿನ ಮುನಿರಾಬಾದ್ ಗ್ರಾಮದಲ್ಲಿ, ತುಂಗಭದ್ರಾ ಅಣೆಕಟ್ಟಿನ ಕೆಳಮಗ್ಗುಲಲ್ಲಿ, ನದಿಯ ಎಡದಂಡೆಗೆ ಇರುವ ಉದ್ಯಾನವಿದು. ಹೊರಗಿನವರು ಇದನ್ನು ಬಲ್ಲುದು ಕಡಿಮೆ. ಅಣೆಕಟ್ಟು ನೋಡಲು ಬಂದವರು ಹೆಚ್ಚಾಗಿ ಬಲದಂಡೆಯ ಹೊಸಪೇಟೆಯ ಕಡೆಯ ಉದ್ಯಾನಕ್ಕೇ ಹೋಗುತ್ತಾರೆ. ಪಂಪಾವನ ಎಡದಂಡೆಯ ಹಳ್ಳಿಗಳ, ಹುಲಿಗಿಗೆ ನಡೆದುಕೊಳ್ಳುವ ಭಕ್ತರ, ಶಾಲಾ ಮಕ್ಕಳ ಪ್ರವಾಸದ ಉದ್ಯಾನವಾಗಿಯೇ ಉಳಿದಿದೆ. ಇದರ ಸುತ್ತಮುತ್ತ ಹುಲಿಗಿ, ಶಿವಪುರ, ಹೊಸಹಳ್ಳಿ. ಹೊಳೆಯ ಹರಿವನ್ನು ಹಿಡಿದು ಕೆಳಗೆ ಸಾಗಿದರೆ ಗಂಗಾವತಿ ತಾಲೂಕಿನ ಸಣಾಪುರ, ವಿರೂಪಾಪುರಗಡ್ಡೆ, ಹನುಮನಹಳ್ಳಿ, ಆನೆಗುಂದಿ, ಕಡೆಬಾಗಿಲು. ಈ ಹೆಸರುಗಳ ನಡುವೆ ಇಟ್ಟು ನೋಡಿದಾಗ ‘ಪಂಪಾವನ’ ಎಂಬುದು ತನ್ನ ಮೊದಲ ಅಕ್ಷರದಿಂದಲೇ ಬೇರೆಯಾಗಿ ನಿಲ್ಲುತ್ತದೆ.

ಪಕಾರ, ಹಕಾರ

ಹಳಗನ್ನಡದ ಪದಾದಿ ಪಕಾರವು ಹಕಾರವಾಗಿ ಮಾರ್ಪಟ್ಟಿತೆಂಬುದು ಕನ್ನಡ ಭಾಷಾ ಚರಿತ್ರೆಯ ಪ್ರಾಥಮಿಕ ಸಂಗತಿ. ಹತ್ತನೆಯ ಶತಮಾನದ ಹೊತ್ತಿಗೆ ಶಾಸನಗಳಲ್ಲಿ ಕಾಣಿಸಿಕೊಳ್ಳುವ ಈ ವ್ಯತ್ಯಾಸ ವಿಜಯನಗರದ ಕಾಲಕ್ಕೆ ಬಹುಮಟ್ಟಿಗೆ ನೆಲೆಗೊಂಡಿತ್ತು. ಇದನ್ನು ತರಗತಿಯಲ್ಲಿ ಬೋಧಿಸುವಾಗ ‘ಪಾಲ್ - ಹಾಲು’, ‘ಪಣ್ - ಹಣ್ಣು’ ಎಂಬ ಉದಾಹರಣೆಗಳನ್ನು ಕೊಡುವುದು ರೂಢಿ. ಆದರೆ ಮುನಿರಾಬಾದಿನಿಂದ ಆನೆಗುಂದಿಯವರೆಗಿನ ಕೆಲವೇ ಕಿಲೋಮೀಟರುಗಳ ದಂಡೆಯೇ ಈ ಪಾಠಕ್ಕೆ ಒಳ್ಳೆಯ ಉದಾಹರಣೆಯಾಗಬಲ್ಲುದು. ‘ಪೊೞೆ’ ಹೊಳೆಯಾಗಿದೆ. ‘ಪಳ್ಳ’ ಹಳ್ಳವಾಗಿದೆ, ‘ಪಳ್ಳಿ’ ಹಳ್ಳಿಯಾಗಿದೆ. ‘ಪೊಸ’ ಎಂಬುದು ಹೊಸಹಳ್ಳಿ, ಹೊಸಪೇಟೆಗಳಲ್ಲಿ ‘ಹೊಸ’ ಆಗಿದೆ. ಹೊಸಪೇಟೆಯಂತೂ ಒಂದು ಕುತೂಹಲದ ರೂಪ: ಪೂರ್ವಪದದ ಪಕಾರ ಬದಲಾಗಿದೆ, ಉತ್ತರಪದವಾದ ‘ಪೇಟೆ’ಯದು ಹಾಗೆಯೇ ಉಳಿದಿದೆ. ಶಿವಪುರ, ಸಣಾಪುರ, ವಿರೂಪಾಪುರಗಳ ‘ಪುರ’ ಸಂಸ್ಕೃತದ್ದು, ಪದಾದಿಯಲ್ಲೂ ಇಲ್ಲ. ಹೀಗಾಗಿ ಅದು ಈ ನಿಯಮಕ್ಕೆ ಒಳಗಾಗುವ ಪ್ರಶ್ನೆಯೇ ಏಳುವುದಿಲ್ಲ.

ಹುಲಿಗಿಯ ವಿಷಯ ಸ್ವಲ್ಪ ಹೆಚ್ಚಿನ ವಿವೇಚನೆಯನ್ನು ಬೇಡುತ್ತದೆ. ಇದರ ಮೊದಲ ಭಾಗ ‘ಪುಲಿ’ ಎಂಬುದರಲ್ಲಿ ಸಂದೇಹಕ್ಕೆ ಎಡೆಯಿಲ್ಲ. ಅಲ್ಲಿನ ದೇವಿಯನ್ನು ಸಂಸ್ಕೃತದಲ್ಲಿ ವ್ಯಾಘ್ರೇಶ್ವರಿ ಎಂದು ಕರೆದಿರುವುದು ಹೆಸರಿನಲ್ಲಿ ಹುಲಿಯಿದೆ ಎಂಬ ಗ್ರಹಿಕೆ ಹಿಂದಿನವರಿಗೂ ಇದ್ದುದನ್ನು ತೋರಿಸುತ್ತದೆ. ಊರಿನ ಹೆಸರು ‘ಹುಲಿಗಿ’, ದೇವಿಯ ಹೆಸರು ‘ಹುಲಿಗೆಮ್ಮ’. ಉತ್ತರ ಕರ್ನಾಟಕದ ಆಡುಮಾತಿನಲ್ಲಿ ಪದಾಂತ್ಯದ ಎಕಾರ ಇಕಾರವಾಗುವುದು ಸಾಮಾನ್ಯ: ಹೊಳೆ ‘ಹೊಳಿ’ಯಾಗುತ್ತದೆ, ಹಂಪೆ ‘ಹಂಪಿ’ಯಾಗುತ್ತದೆ. ಅದೇ ದಾರಿಯಲ್ಲಿ ‘ಹುಲಿಗೆ’ ಹುಲಿಗಿಯಾಗಿ, ದೇವಿಯ ಹೆಸರಿನಲ್ಲಿ ಎಕಾರವು ಪದಮಧ್ಯಕ್ಕೆ ಸರಿದುದರಿಂದ ಉಳಿದುಕೊಂಡಿರಬೇಕು ಎನ್ನಬಹುದು. ‘ಹುಲಿಗಿ’ ಮತ್ತು ‘ಅಮ್ಮ’ ಸೇರಿದಾಗ ಸಂಧಿಯಲ್ಲಿ ಎಕಾರ ಹೊಸದಾಗಿ ಬಂದಿದೆ ಎನ್ನುವುದೂ ಅಸಾಧ್ಯವಲ್ಲ. ಮೊದಲನೆಯ ವಿವರಣೆಯೇ ಹೆಚ್ಚು ಸಮಂಜಸವಾಗಿ ತೋರುತ್ತದೆ. ಇಲ್ಲಿಯೇ ಇನ್ನೊಂದು ಎಚ್ಚರಿಕೆಯೂ ಅಗತ್ಯ. ‘ಕವಿರಾಜಮಾರ್ಗ’ದಲ್ಲಿ ಕೊಪಣದೊಡನೆ ಉಲ್ಲೇಖಗೊಳ್ಳುವ ಪುಲಿಗೆರೆಯು ಇಂದಿನ ಲಕ್ಷ್ಮೇಶ್ವರ, ಅದಕ್ಕೂ ಹುಲಿಗಿಗೂ ಸಂಬಂಧವಿಲ್ಲ. ಕೊಪಣವೆಂದರೆ ಕೊಪ್ಪಳವೇ ಆದುದರಿಂದ ಸಮೀಪದ ಹುಲಿಗಿಯನ್ನು ಪುಲಿಗೆರೆಯೆಂದು ಭಾವಿಸುವ ಸೆಳೆತ ವಿದ್ಯಾರ್ಥಿಗಳಲ್ಲಿ ಸಹಜ.

ಇನ್ನು ಹಂಪೆ. ‘ಪಂಪಾ’ ಎಂಬುದು ನದಿಯ ಹೆಸರೆಂದೂ ಸರೋವರದ ಹೆಸರೆಂದೂ ವಿರೂಪಾಕ್ಷನನ್ನು ವರಿಸಿದ ದೇವಿಯ ಹೆಸರೆಂದೂ ಪರಂಪರೆಯಲ್ಲಿ ಪ್ರಸಿದ್ಧವಾಗಿದೆ. ವಾಲ್ಮೀಕಿ ರಾಮಾಯಣದ ಕಿಷ್ಕಿಂಧಾಕಾಂಡ ಆರಂಭವಾಗುವುದೇ ಪಂಪಾಸರೋವರದ ದಡದಲ್ಲಿ. ಆನೆಗುಂದಿಯ ಪರಿಸರವನ್ನು ಕಿಷ್ಕಿಂಧೆಯೆಂದು ಗುರುತಿಸುವ ನಂಬಿಕೆಗೆ ಅದೇ ಆಧಾರ. ‘ಪಂಪಾ’ ಸಂಸ್ಕೃತ ಪದವೋ, ದೇಶ್ಯ ಪದವೊಂದು ಸಂಸ್ಕೃತಕ್ಕೆ ಹೋದುದೋ ಎಂಬ ಚರ್ಚೆ ಇಲ್ಲಿ ಅಪ್ರಸ್ತುತ. ಗಮನಿಸಬೇಕಾದುದು ಇಷ್ಟೇ: ಅದರ ಮೂಲ ಯಾವುದೇ ಇರಲಿ, ‘ಪಂಪೆ’ ಹಂಪೆಯಾಗಿದೆ. ಸಂಸ್ಕೃತದಿಂದ ಬಂದ ಪದಗಳು ಸಾಮಾನ್ಯವಾಗಿ ಈ ಬದಲಾವಣೆಗೆ ಒಳಗಾಗಿಲ್ಲ. ಪಾಪ, ಪುಣ್ಯ, ಪೂಜೆಗಳು ಇಂದಿಗೂ ಪಕಾರದಲ್ಲಿಯೇ ಇವೆ. ಒಳಗಾದವು ಜನರ ನಾಲಗೆಯಲ್ಲಿ ಪೂರ್ತಿಯಾಗಿ ಪಳಗಿದ್ದ ಪದಗಳು. ಪಕ್ಷಿ ‘ಹಕ್ಕಿ’ಯಾಯಿತು, ಪರ್ವ ‘ಹಬ್ಬ’ವಾಯಿತು, ಪೂರ್ಣಿಮೆ ‘ಹುಣ್ಣಿಮೆ’ಯಾಯಿತು. ಹಂಪೆಯೂ ಈ ಗುಂಪಿಗೇ ಸೇರುತ್ತದೆ. ಅಂದರೆ ಪಕಾರ ಹಕಾರವಾಗುವುದಕ್ಕೆ ಮೊದಲೇ ಈ ಹೆಸರು ದಂಡೆಯ ಜನರಿಗೆ ಮನೆಮಾತಾಗಿತ್ತು. ಪಂಡಿತರ ಬಾಯಲ್ಲಿ ಮಾತ್ರ ಇದ್ದ ಹೆಸರಾಗಿದ್ದರೆ ಅದು ಪಕಾರದಲ್ಲಿಯೇ ನಿಂತುಬಿಡುತ್ತಿತ್ತು.

ಈ ಭಾಗದ ವ್ಯಕ್ತಿನಾಮಗಳಲ್ಲಿ ಎರಡೂ ರೂಪಗಳು ಜೊತೆಜೊತೆಯಾಗಿ ಬಳಕೆಯಲ್ಲಿವೆ. ಪಂಪಾಪತಿ, ಪಂಪಣ್ಣ, ಪಂಪನಗೌಡ ಎಂಬ ಹೆಸರುಗಳಂತೆಯೇ ಹಂಪಮ್ಮ, ಹಂಪಣ್ಣ, ಹಂಪಯ್ಯ, ಹಂಪನಗೌಡ ಎಂಬ ಹೆಸರುಗಳೂ ಇವೆ. ಗುಡಿಯೊಳಗಿನ ದೇವಿ ಪಂಪಾಂಬಿಕೆ. ಮನೆಯೊಳಗಿನ ಅಜ್ಜಿ ಹಂಪಮ್ಮ. ‘ಪತಿ’, ‘ಅಂಬಿಕೆ’ಯಂಥ ಸಂಸ್ಕೃತ ಉತ್ತರಪದಗಳು ಬಂದಾಗ ಪಕಾರವೇ ನಿಲ್ಲುತ್ತದೆ, ‘ಹಂಪಾಪತಿ’ ಎಂಬ ರೂಪ ಕೇಳಿಬರುವುದಿಲ್ಲ. ‘ಅಣ್ಣ’, ‘ಗೌಡ’ ಬಂದಾಗ ಮಾತ್ರ ಎರಡೂ ಸಲ್ಲುತ್ತವೆ. ಈ ಹಂಚಿಕೆ ಆಕಸ್ಮಿಕವಲ್ಲ. ಒಂದು ಓದಿನ ಮೂಲಕ ಬಂದ ರೂಪ, ಇನ್ನೊಂದು ಒಕ್ಕಲಿನ ಮೂಲಕ ಬಂದ ರೂಪ. ಎರಡೂ ಈ ನೆಲದವೇ ಆದರೂ ಎರಡರ ದಾರಿ ಬೇರೆ.

‘ಪಂಪಾವನ’ವು ಯಾವ ದಾರಿಯದೆಂಬುದು ಈಗ ಸ್ಪಷ್ಟ. ‘ವನ’ ಸಂಸ್ಕೃತದ ಉತ್ತರಪದ, ಸಮಾಸ ಸಂಸ್ಕೃತದ್ದು. ಹೊಳೆಗೆ ಹಕಾರವನ್ನು ಕೊಟ್ಟ ಜನರ ನಡುವೆ ಇಪ್ಪತ್ತನೆಯ ಶತಮಾನದಲ್ಲಿ ಒಂದು ಉದ್ಯಾನಕ್ಕೆ ಹೆಸರಿಡುವಾಗ ಭಾಷೆ ಒಂದು ಸಾವಿರ ವರ್ಷ ಹಿಂದಕ್ಕೆ ಹೋಯಿತು. ಆ ಉದ್ಯಾನದೊಳಗಿನ ಹೂ, ಹುಲ್ಲು, ಹಣ್ಣು, ಹಸಿರು ಎಲ್ಲವೂ ಹಕಾರದವೇ ಆಗಿರುವುದು ಭಾಷೆಯ ಮಟ್ಟಿಗಾದರೂ ಒಂದು ವಿನೋದ. ಹಳ್ಳಿಯವರ ಮಾತಿನಲ್ಲಿ ಅದು ಬಹುಮಟ್ಟಿಗೆ ‘ಪಾರ್ಕು’. ಇದೂ ಪಕಾರದ್ದೇ. ಅಣೆಕಟ್ಟಿನ ಜೊತೆಗೆ ಈ ದಂಡೆಗೆ ಬಂದ ಪ್ರಾಜೆಕ್ಟು, ಪವರ್‌ಹೌಸು, ಪೈಪು, ಪಂಪ್‌ಸೆಟ್ಟುಗಳನ್ನೂ ಇದರೊಡನೆ ನೆನೆಯಬಹುದು. ಪಕಾರ ಹಕಾರವಾಗುವ ಕಾಲ ಮುಗಿದು ಶತಮಾನಗಳು ಕಳೆದ ಮೇಲೆ ಬಂದ ಪದಗಳಿವು. ಇನ್ನು ಇವು ಬದಲಾಗಲಾರವು. ಪುರಾಣದ ಪಕಾರವೂ ಯಂತ್ರದ ಪಕಾರವೂ ಒಂದೇ ಅಣೆಕಟ್ಟಿನ ಕೆಳಗೆ ಒಟ್ಟಿಗೆ ಬಂದು ನಿಂತಿವೆ.

ವನ, ಬೃಂದಾವನ, ಗಡ್ಡೆ

ಅಣೆಕಟ್ಟಿನ ಕೆಳಗೊಂದು ಉದ್ಯಾನವಿರಬೇಕೆಂಬ ಕಲ್ಪನೆ ಕನ್ನಡ ನಾಡಿಗೆ ಬಂದದ್ದು ಮೈಸೂರಿನಿಂದ. ಕೃಷ್ಣರಾಜಸಾಗರದ ಕೆಳಗೆ ಮಿರ್ಜಾ ಇಸ್ಮಾಯಿಲ್ ಅವರ ದಿವಾನಗಿರಿಯಲ್ಲಿ ರೂಪುಗೊಂಡ ಬೃಂದಾವನವು ಆನಂತರದ ಯೋಜನೆಗಳಿಗೆಲ್ಲ ಮಾದರಿಯಾಯಿತು. ಅಲ್ಲಿಂದೀಚೆಗೆ ಸಾಮಾನ್ಯ ಕನ್ನಡದಲ್ಲಿ ‘ಬೃಂದಾವನ’ವೆಂದರೆ ಕಾರಂಜಿಗಳ ಉದ್ಯಾನ. ಆದರೆ ಪಂಪಾವನದಿಂದ ಹೊಳೆಯ ಗುಂಟ ಕೆಳಗಿಳಿದು ಆನೆಗುಂದಿಗೆ ಬಂದರೆ ಅದೇ ಪದಕ್ಕೆ ಬೇರೊಂದು ಅರ್ಥವಿದೆ. ಅಲ್ಲಿನ ನವಬೃಂದಾವನವು ಮಾಧ್ವ ಪರಂಪರೆಯ ಒಂಬತ್ತು ಯತಿಗಳ ಸಮಾಧಿಸ್ಥಳ. ಪದ್ಮನಾಭತೀರ್ಥರು, ವ್ಯಾಸರಾಯರು ಮೊದಲಾದವರ ಬೃಂದಾವನಗಳು ಹೊಳೆಯ ನಡುವಿನ ನಡುಗಡ್ಡೆಯಲ್ಲಿವೆ. ದಾಸಸಾಹಿತ್ಯದ ಇತಿಹಾಸದಲ್ಲಿ ವ್ಯಾಸರಾಯರ ಸ್ಥಾನವನ್ನು ಬಲ್ಲವರಿಗೆ ಈ ನೆಲೆಯ ಮಹತ್ವವನ್ನು ವಿವರಿಸಬೇಕಾಗಿಲ್ಲ. ೨೦೧೯ರ ಜುಲೈನಲ್ಲಿ ನಿಧಿಯಾಸೆಗೆ ಅವರ ಬೃಂದಾವನವನ್ನು ದುಷ್ಕರ್ಮಿಗಳು ಕೆಡವಿದುದು, ಭಕ್ತರು ಕೂಡಲೇ ಅದನ್ನು ಮರಳಿ ನಿಲ್ಲಿಸಿದುದು ಇತ್ತೀಚಿನ ಸಂಗತಿ. ಮೈಸೂರಿನಲ್ಲಿ ವಿಹಾರದ ಪದವಾದುದು ಆನೆಗುಂದಿಯಲ್ಲಿ ಇಂದಿಗೂ ಮೌನದ ಪದವಾಗಿದೆ.

ಹೊಳೆಯ ಜನರು ಈ ಎರಡು ಅರ್ಥಗಳ ಜಗಳಕ್ಕೆ ಹೋಗುವುದಿಲ್ಲ. ಅವರಿಗೆ ಅದು ‘ಗಡ್ಡೆ’. ನದಿ ಎರಡು ಕವಲಾಗಿ ಹರಿದು ಮತ್ತೆ ಕೂಡುವಾಗ ನಡುವೆ ಉಳಿಯುವ ನೆಲಕ್ಕೆ ಈ ಹೆಸರು. ನವಬೃಂದಾವನದ ಗಡ್ಡೆ, ವಿರೂಪಾಪುರಗಡ್ಡೆ ಎಂದು ಅವುಗಳನ್ನು ಗುರುತಿಸುತ್ತಾರೆ. ಗಡ್ಡೆಯ ನೆಲ ಖಾಯಂ ಆಗಿ ಯಾರದೂ ಅಲ್ಲ ಎಂಬ ಅರಿವು ಆ ಪದದೊಳಗೇ ಇದೆ. ಬೇಸಿಗೆಯಲ್ಲಿ ನಡೆದು ಹೋಗಬಹುದಾದ ಜಾಗ ಮಳೆಗಾಲದಲ್ಲಿ ಹೊಳೆಯ ಪಾಲು. ೨೦೧೯ರ ಆಗಸ್ಟಿನಲ್ಲಿ ಅಣೆಕಟ್ಟಿನಿಂದ ಭಾರಿ ಪ್ರಮಾಣದಲ್ಲಿ ನೀರು ಬಿಟ್ಟಾಗ ವಿರೂಪಾಪುರಗಡ್ಡೆಯಲ್ಲಿ ಸಿಲುಕಿದ್ದ ನೂರಾರು ಪ್ರವಾಸಿಗರನ್ನು ದೋಣಿ, ಹೆಲಿಕಾಪ್ಟರುಗಳಲ್ಲಿ ಹೊರತರಬೇಕಾಯಿತು. ‘ಗಡ್ಡೆ’ ಎಂಬ ಪದವನ್ನು ತಿಳಿದು ಕೇಳಿದ್ದವರು ಆಗಸ್ಟಿನಲ್ಲಿ ಅಲ್ಲಿ ವಾಸ್ತವ್ಯ ಹೂಡುತ್ತಿರಲಿಲ್ಲ. ಆದರೆ ಆ ಪ್ರವಾಸಿಗರು ಕೇಳಿದ್ದು ಬೇರೆಯೇ ಹೆಸರನ್ನು. ಕೆಲವು ದಶಕಗಳಿಂದ ವಿರೂಪಾಪುರಗಡ್ಡೆ ಹೊರನಾಡಿನವರ ಬಾಯಲ್ಲಿ ‘ಹಿಪ್ಪಿ ಐಲ್ಯಾಂಡ್’ ಎನಿಸಿಕೊಂಡಿತ್ತು. ಹಂಪೆಯ ವಿಶ್ವ ಪರಂಪರೆ ಪ್ರದೇಶದ ನಿಯಮಗಳನ್ನು ಮೀರಿ ಅಲ್ಲಿ ತಲೆಯೆತ್ತಿದ್ದ ರೆಸಾರ್ಟುಗಳ ತೆರವನ್ನು ಸರ್ವೋಚ್ಚ ನ್ಯಾಯಾಲಯ ೨೦೨೦ರ ಫೆಬ್ರವರಿಯಲ್ಲಿ ಎತ್ತಿಹಿಡಿಯಿತು. ಮರುತಿಂಗಳು ಅವು ನೆಲಸಮವಾದವು. ಅಂಗಡಿ, ಊಟದ ಮನೆ, ಹರಿಗೋಲುಗಳನ್ನು ನಂಬಿ ಬದುಕಿದ್ದ ಸ್ಥಳೀಯರಿಗೂ ಅದರೊಡನೆ ಅನ್ನ ತಪ್ಪಿತು. ನ್ಯಾಯ ಯಾರ ಕಡೆಗಿದೆ ಎಂಬ ಪ್ರಶ್ನೆ ಬೇರೆ. ಹೆಸರಿನ ದೃಷ್ಟಿಯಿಂದ ನೋಡಿದರೆ ಒಂದೇ ನೆಲ ವಿರೂಪಾಕ್ಷನ ‘ಪುರ’ವಾಗಿ, ಹೊಳೆಯ ‘ಗಡ್ಡೆ’ಯಾಗಿ, ಪ್ರವಾಸಿಯ ‘ಐಲ್ಯಾಂಡ್’ ಆಗಿ ಮೂರು ಪಾಲಾಗಿತ್ತು.

ಹರಿಗೋಲನ್ನು ಕುರಿತೂ ಇಲ್ಲಿ ಎರಡು ಮಾತು ಸಲ್ಲುತ್ತದೆ. ಈ ಪದವನ್ನು ‘ಹರಿ’ ಧಾತುವಿಗೆ, ಅಂದರೆ ಹಳಗನ್ನಡದ ‘ಪರಿ’ಗೆ, ಸೇರಿಸಿ ನೋಡುವುದುಂಟು. ಹದಿನಾರನೆಯ ಶತಮಾನದ ಮೂರನೆಯ ದಶಕದಲ್ಲಿ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ಆನೆಗುಂದಿಗೆ ದಾಟಲು ಬುಟ್ಟಿಯಂತೆ ಹೆಣೆದು ಹೊರಗೆ ತೊಗಲು ಹೊದಿಸಿದ ದುಂಡನೆಯ ದೋಣಿಗಳನ್ನು ಬಳಸುತ್ತಿದ್ದುದನ್ನೂ ಅವು ಸುತ್ತುತ್ತ ಸಾಗುತ್ತಿದ್ದುದನ್ನೂ ವರ್ಣಿಸಿದ್ದಾನೆ. ತೊಗಲಿನ ಬದಲು ಪ್ಲಾಸ್ಟಿಕ್ಕು, ಡಾಂಬರು ಬಂದಿವೆ, ಬುಟ್ಟಿ ಬದಲಾಗಿಲ್ಲ. ತಳವಾರಘಟ್ಟದಲ್ಲಿ ಆನೆಗುಂದಿಗೆಂದು ಕಟ್ಟುತ್ತಿದ್ದ ಸೇತುವೆ ೨೦೦೯ರ ಜನವರಿಯಲ್ಲಿ ಕುಸಿದು ಕಾರ್ಮಿಕರು ಪ್ರಾಣ ಕಳೆದುಕೊಂಡರು. ಮುಂದೆ ಕಡೆಬಾಗಿಲು - ಬುಕ್ಕಸಾಗರಗಳ ನಡುವೆ ಸೇತುವೆಯಾದ ಮೇಲೆ ಅಂಬಿಗರ ಹರಿಗೋಲು ಸಾಗಾಟದ ಸಾಧನಕ್ಕಿಂತ ಪ್ರವಾಸಿಗಳ ವಿಹಾರದ ಸಾಧನವಾಗಿ ಉಳಿಯುವಂತಾಯಿತು. ಅಣೆಕಟ್ಟಿನ ಕೆಳಗಿನಿಂದ ಕಂಪ್ಲಿಯವರೆಗಿನ ಸುಮಾರು ೩೪ ಕಿ.ಮೀ. ಹರಿವನ್ನು ೨೦೧೫ರಲ್ಲಿ ನೀರುನಾಯಿಗಳ ಸಂರಕ್ಷಿತ ಪ್ರದೇಶವೆಂದು ಸರ್ಕಾರ ಘೋಷಿಸಿತು. ಮೀನು ಹಿಡಿಯುವವನಿಗೂ ನೀರುನಾಯಿಗೂ ಹೊಳೆ ಒಂದೇ, ಮೀನೂ ಒಂದೇ. ಹೀಗಾಗಿ ‘ಸಂರಕ್ಷಿತ’ ಎಂಬ ವಿಶೇಷಣ ಗಂಗಾಮತಸ್ಥರಿಗೆ ಕೇಳಿಸುವ ಬಗೆ ಅರಣ್ಯ ಇಲಾಖೆಗೆ ಕೇಳಿಸುವ ಬಗೆಗಿಂತ ಬೇರೆಯಾಗಿರುವುದು ಸಹಜ.

ಅಣೆಕಟ್ಟು ತಂದ ಹೆಸರುಗಳು, ಕೊಂಡೊಯ್ದ ಹೆಸರುಗಳು

ಪಂಪಾವನ ಇರುವ ಊರಿನ ಹೆಸರು ಪಕಾರದ್ದೂ ಅಲ್ಲ, ಹಕಾರದ್ದೂ ಅಲ್ಲ. ‘ಮುನಿರಾಬಾದ್’ ಎಂಬುದರ ಉತ್ತರಪದ ಪಾರಸಿಯದು. ‘ಆಬಾದ್’ ಎಂದರೆ ಜನವಸತಿ. ಹೈದರಾಬಾದ್ ಸಂಸ್ಥಾನದ ಆಡಳಿತ ಭಾಷೆಯ ಮುದ್ರೆಯಿದು. ಆ ಕಾಲಕ್ಕೆ ತುಂಗಭದ್ರೆಯೇ ಗಡಿ. ಎಡದಂಡೆ ನಿಜಾಮರದು, ಬಲದಂಡೆ ಮದ್ರಾಸ್ ಪ್ರಾಂತದ್ದು. ೧೯೪೫ರ ಫೆಬ್ರವರಿ ೨೮ರಂದು ಅಣೆಕಟ್ಟಿಗೆ ಅಡಿಗಲ್ಲು ಹಾಕಿದಾಗಲೂ ಎಡದಂಡೆಯಲ್ಲಿ ಬೇರಾರಿನ ರಾಜಕುಮಾರ, ಬಲದಂಡೆಯಲ್ಲಿ ಮದ್ರಾಸಿನ ಗವರ್ನರ್ ಸರ್ ಆರ್ಥರ್ ಹೋಪ್ ಹೀಗೆ ಇಬ್ಬರಿಂದ ಎರಡು ಕಡೆ ಸಮಾರಂಭಗಳು ನಡೆದವು. ೧೯೪೮ರಲ್ಲಿ ಸಂಸ್ಥಾನ ವಿಲೀನವಾಯಿತು. ೧೯೫೩ರಲ್ಲಿ ನಾಲೆಗಳಿಗೆ ನೀರು ಹರಿಯಿತು. ಅದೇ ವರ್ಷ ಬಳ್ಳಾರಿ ಸೀಮೆ ಮೈಸೂರಿಗೆ ಸೇರಿತು. ೧೯೫೬ರಲ್ಲಿ ರಾಯಚೂರು ಜಿಲ್ಲೆಯೊಡನೆ ಕೊಪ್ಪಳವೂ ಬಂದು ಎರಡೂ ದಂಡೆಗಳು ಒಂದೇ ರಾಜ್ಯದವಾದವು. ೧೯೯೭ರಲ್ಲಿ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ತಾಲೂಕುಗಳು ರಾಯಚೂರಿನಿಂದ ಬೇರ್ಪಟ್ಟು ಕೊಪ್ಪಳ ಜಿಲ್ಲೆಯಾಯಿತು. ‘ಪಂಪಾವನ’ ಎಂಬ ನಾಮಕರಣವನ್ನು ಈ ಹಿನ್ನೆಲೆಯಲ್ಲಿ ನೋಡಿದರೆ ಅದಕ್ಕೊಂದು ಸಮರ್ಥನೆಯೂ ದೊರೆಯುತ್ತದೆ. ದೀರ್ಘಕಾಲ ಉರ್ದು ದಫ್ತರಿನಲ್ಲಿ ಬದುಕಿದ ದಂಡೆಯೊಂದು, ಗಡಿಯಾಚೆಯ ಹಂಪೆಯೊಡನೆ ತನಗಿದ್ದ ನಂಟನ್ನು ಈ ಹೆಸರಿನ ಮೂಲಕ ಮರಳಿ ಹೇಳಿಕೊಂಡಿದೆ ಎಂದು ತಿಳಿಯಬಹುದು. ಪಕಾರದ ಈ ಆಯ್ಕೆ ಕೇವಲ ಸಂಸ್ಕೃತದ ವ್ಯಾಮೋಹವಲ್ಲ. ನಾಡು ಒಂದಾದ ಹೊತ್ತಿನ ಸಂಭ್ರಮವೂ ಅದರಲ್ಲಿದ್ದಿರಬೇಕು.

ಆದರೆ ಆ ಸಂಭ್ರಮ ಒಂದು ಮರೆವನ್ನೂ ಒಳಗೊಂಡಿದೆ. ಜಲಾಶಯದಲ್ಲಿ ಮುಳುಗಿದ ಗ್ರಾಮಗಳು ಸುಮಾರು ೯೦. ನೆಲೆ ಕಳೆದುಕೊಂಡವರು ಸುಮಾರು ೫೪ ಸಾವಿರ ಜನ. ಆ ಗ್ರಾಮಗಳಲ್ಲಿ ಹಲವು ಎಡದಂಡೆಯವೇ. ಬಲದಂಡೆಯಲ್ಲಿ ನಾರಾಯಣದೇವರಕೆರೆ ಮ���ಳುಗಿ ಅಲ್ಲಿಯ ಜನ ಮರಿಯಮ್ಮನಹಳ್ಳಿಯಲ್ಲಿ ನೆಲೆ ಕಂಡುಕೊಂಡರು. ಮರಿಯಮ್ಮನಹಳ್ಳಿ ರಂಗಭೂಮಿಯ ಊರಾಗಿ ಹೆಸರಾದುದರಿಂದ ಆ ಮುಳುಗಡೆಯ ಕಥೆ ಒಂದಷ್ಟಾದರೂ ನಾಡಿಗೆ ತಿಳಿಯಿತು. ಎಡದಂಡೆಯ ಮುಳುಗಿದ ಹಳ್ಳಿಗಳಿಗೆ ಅಂಥ ಭಾಗ್ಯವೂ ಇಲ್ಲ. ಅಣೆಕಟ್ಟಿನ ಹಿಂದೆ ಅಷ್ಟೊಂದು ಹೆಸರುಗಳು ನೀರಿನಡಿ ಇರುವಾಗ ಅಣೆಕಟ್ಟಿನ ಮುಂದಿನ ಉದ್ಯಾನಕ್ಕೆ ಆ ಹೆಸರುಗಳಲ್ಲಿ ಒಂದನ್ನಾದರೂ ಇಡಬಹುದೆಂದು ಯಾರಿಗೂ ತೋಚಲಿಲ್ಲ. ಪುರಾಣದ ಹೆಸರಿನ ಅನುಕೂಲವೇ ಇದು. ಅದು ಎಲ್ಲರದೂ ಆಗಿರುತ್ತದೆ. ಆದುದರಿಂದ ಯಾರ ನಷ್ಟವನ್ನೂ ನೆನಪಿಸುವುದಿಲ್ಲ.

ಹೆಸರುಗಳು ಹೋದಂತೆ ಹೊಸ ಹೆಸರುಗಳೂ ಬಂದವು. ಎಡದಂಡೆ ನಾಲೆಯ ನೀರು ಗಂಗಾವತಿಯ ಕಡೆಗೆ ಹರಿದಾಗ ಕರಾವಳಿ ಆಂಧ್ರದಿಂದ ಬಂದ ರೈತರು ಜಮೀನು ಕೊಂಡು ನೆಲೆಸಿದರು. ಅವರ ವಸತಿಗಳು ‘ಕ್ಯಾಂಪ್’ ಎನಿಸಿಕೊಂಡವು. ತಾತ್ಕಾಲಿಕ ಬಿಡಾರವನ್ನು ಸೂಚಿಸುವ ಈ ಇಂಗ್ಲಿಷ್ ಪದ ಗಂಗಾವತಿ, ಕಾರಟಗಿ, ಸಿಂಧನೂರುಗಳ ಸುತ್ತ ಮೂರು ತಲೆಮಾರುಗಳಿಂದ ಖಾಯಂ ಊರುಗಳ ಹೆಸರಿನ ಕೊನೆಯಲ್ಲಿ ನಿಂತಿದೆ. ‘ಊರು’, ‘ಹಳ್ಳಿ’, ‘ಹಾಳ’ಗಳಂತೆ ‘ಕ್ಯಾಂಪ್’ ಎಂಬುದನ್ನೂ ಈ ಸೀಮೆಯ ಸ್ಥಳನಾಮಗಳ ಒಂದು ವಾರ್ಗಿಕವೆಂದು ಪರಿಗಣಿಸಬೇಕಾದ ಕಾಲ ಬಂದಿದೆ. ಅತ್ತ ವಿಜಯನಗರದ ಕಾಲದಿಂದ ಬಂದ ಹುಲಿಗಿ, ಶಿವಪುರ, ಆನೆಗುಂದಿ, ಗಂಗಾವತಿ ಕಾಲುವೆಗಳು ಊರುಗಳ ಹೆಸರನ್ನೇ ಹೊತ್ತಿವೆ. ಹೊಸ ನಾಲೆಗೆ ಅಂಥ ಊರಿಲ್ಲ. ಅದು ‘ಎಡದಂಡೆ ನಾಲೆ’ ಮಾತ್ರ. ೨೨೭ ಕಿಲೋಮೀಟರು ಹರಿಯುವ ನೀರಿಗೆ ದಿಕ್ಕೇ ಹೆಸರಾಗಿದೆ.

ಹೊಳೆಯಿಲ್ಲದ ಎರಡು ತಾಲೂಕುಗಳು

ಜಿಲ್ಲೆಯ ನಾಲ್ಕು ಮೂಲ ತಾಲೂಕುಗಳಲ್ಲಿ ತುಂಗಭದ್ರೆಯ ದಂಡೆ ಇರುವುದು ಕೊಪ್ಪಳಕ್ಕೆ ಮತ್ತು ಗಂಗಾವತಿಗೆ ಮಾತ್ರ. ಕುಷ್ಟಗಿ, ಯಲಬುರ್ಗಾಗಳದು ಒಣಬೇಸಾಯದ ನೆಲ. ಅಲ್ಲಿನ ಹೆಸರುಗಳಲ್ಲಿ ಗಡ್ಡೆಯಿಲ್ಲ, ಘಟ್ಟವಿಲ್ಲ. ತಾವರಗೇರಾ, ಚಳಗೇರಾ, ಹಿರೇವಂಕಲಕುಂಟಾ ಎಂಬಂತೆ ಕೆರೆ, ಕುಂಟೆಗಳಿವೆ. ‘ಕೆರೆ’ ಗೇರಾ ಆಗಿ, ‘ಕುಂಟೆ’ ಕುಂಟಾ ಆಗಿ ಕೊನೆಗೊಳ್ಳುವುದರಲ್ಲಿ ಉರ್ದು ದಫ್ತರಿನ ಬರವಣಿಗೆಯ ಪ್ರಭಾವವನ್ನು ಗುರುತಿಸುವುದುಂಟು. ಸಿಂದರ ರಾಜಧಾನಿಯಾಗಿದ್ದ ‘ಎರಂಬರಗೆ’ ಇಂದು ಯಲಬುರ್ಗಾ ಆಗಿರುವುದನ್ನೂ ಈ ಸಾಲಿನಲ್ಲಿ ನೋಡಬಹುದು. ಹುಲಿಗೆ ‘ಹುಲಿಗಿ’ಯಾಯಿತು, ಎರಂಬರಗೆ ‘ಯಲಬುರ್ಗಾ’ ಆಯಿತು. ಒಂದೇ ‘ಗೆ’ಕಾರದ ಎರಡು ಗತಿಗಳಿವು: ಒಂದನ್ನು ನಾಲಗೆ ತಿರುಗಿಸಿತು, ಇನ್ನೊಂದನ್ನು ಲೇಖನಿ ತಿರುಗಿಸಿತು ಎಂದು ಊಹಿಸಬಹುದು.

ಯಲಬುರ್ಗಾ, ಕೊಪ್ಪಳಗಳ ನಡುವೆ ಹರಿಯುವ ಹಿರೇಹಳ್ಳ ತುಂಗಭದ್ರೆಯ ಉಪನದಿ. ಹೂಳು, ಜಾಲಿಗಳಿಂದ ತುಂಬಿ ಹೋಗಿದ್ದ ಈ ಹಳ್ಳವನ್ನು ೨೦೧೯ರಲ್ಲಿ ಕೊಪ್ಪಳದ ಗವಿಮಠದ ಸ್ವಾಮಿಗಳ ಮುಂದಾಳ್ತನದಲ್ಲಿ ಜನರೇ ಇಪ್ಪತ್ತಕ್ಕೂ ಹೆಚ್ಚು ಕಿಲೋಮೀಟರು ಉದ್ದಕ್ಕೆ ಸ್ವಚ್ಛಗೊಳಿಸಿದರು. ಅಲ್ಲಿ ಯಾವ ಪುರಾಣದ ಹೆಸರೂ ಬೇಕಾಗಲಿಲ್ಲ. ‘ಹಿರೇಹಳ್ಳ’ ಎಂಬ ಹೆಸರೇ ಸಾಕಾಯಿತು. ಹೆಸರು ತಮ್ಮದಾದಲ್ಲಿ ಕೆಲಸವೂ ತಮ್ಮದಾಗುತ್ತದೆ ಎಂದು ಈ ಒಂದು ಉದಾಹರಣೆಯಿಂದ ಸಾಧಿಸಲು ಬಾರದು. ಆದರೂ ಅಣೆಕಟ್ಟಿನ ದಂಡೆಯಲ್ಲಿ ಅಂಥ ಒಡೆತನದ ಭಾವ ಕಾಣದಿರುವುದು ವಿಚಾರಾರ್ಹ.

ಈ ಎರಡು ತಾಲೂಕುಗಳ ಜನ ತುಂಗಭದ್ರೆಯನ್ನು ಕಾಣುವುದು ಬಹುಮಟ್ಟಿಗೆ ಹುಲಿಗಿಯಲ್ಲಿ. ಊರದೇವರ ಪಲ್ಲಕ್ಕಿಗಳು ಗಂಗಸ್ಥಳಕ್ಕೆಂದು ಹೊಳೆಗೆ ಬರುತ್ತವೆ. ಮಂಗಳವಾರ, ಶುಕ್ರವಾರ, ಹುಣ್ಣಿಮೆಗಳಲ್ಲಿ ಹುಲಿಗೆಮ್ಮನ ದರ್ಶನಕ್ಕೆ ಜನ ಸೇರುತ್ತಾರೆ. ಬೇಸಿಗೆಯ ಜಾತ್ರೆಯಲ್ಲಿ ಬಾಳಿದಂಡಿಗೆ, ಪಾಯಸ, ಅಗ್ನಿಗಳ ಆಚರಣೆಗೆ ದಂಡೆ ತುಂಬಿ ಹೋಗುತ್ತದೆ. ಜೋಗತಿ ಪರಂಪರೆಗೆ ಸವದತ್ತಿಯ ಎಲ್ಲಮ್ಮನಂತೆ ಹುಲಿಗೆಮ್ಮನೂ ಆಶ್ರಯ. ೨೦೧೯ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷೆಯಾಗಿ, ೨೦೨೧ರಲ್ಲಿ ಪದ್ಮಶ್ರೀ ಪುರಸ್ಕೃತೆಯಾಗಿ ನಾಡಿನ ಗೌರವಕ್ಕೆ ಪಾತ್ರರಾದ ಮಂಜಮ್ಮ ಜೋಗತಿಯವರು ಮುತ್ತು ಕಟ್ಟಿಸಿಕೊಂಡದ್ದು ಹುಲಿಗಿಯಲ್ಲಿ, ನೆಲೆಸಿದ್ದು ಮರಿಯಮ್ಮನಹಳ್ಳಿಯಲ್ಲಿ. ಅಣೆಕಟ್ಟಿನ ಒಂದು ಬದಿಯ ದೇವಿಯೂ ಇನ್ನೊಂದು ಬದಿಯ ನಿರಾಶ್ರಿತರ ಊರೂ ಒಬ್ಬರ ಬದುಕಿನಲ್ಲಿ ಕೂಡಿದ ಬಗೆಯಿದು.

ಹುಲಿಗಿಯಲ್ಲಿ ಮಿಂದು, ಹರಕೆ ಒಪ್ಪಿಸಿ, ಬುತ್ತಿ ಬಿಚ್ಚಲು ನೆರಳು ಹುಡುಕುವವರಿಗೆ ಪಂಪಾವನ ಹತ್ತಿರ. ಒಣಸೀಮೆಯಿಂದ ಬಂದ ಕುಟುಂಬಗಳಿಗೆ ನೀರಿನ ಬದಿಯಲ್ಲಿ ನಿಶ್ಚಿಂತೆಯಿಂದ ಕೂಡಬಹುದಾದ ಜಾಗ ಅದು. ಮೊದಲು ಈ ಕೆಲಸವನ್ನು ದಂಡೆಯ ತೋಪು, ಗುಡಿಯ ಕಟ್ಟೆ, ಬೇಸಿಗೆಯ ಮರಳು ಮಾಡುತ್ತಿದ್ದವು. ಅಣೆಕಟ್ಟಿನ ಕೆಳಗೆ ಹೊಳೆಯ ಏರಿಳಿತ ಮಳೆಯ ಅಧೀನದಲ್ಲಿಲ್ಲ, ಗೇಟುಗಳ ಅಧೀನದಲ್ಲಿದೆ. ೨೦೨೪ರ ಆಗಸ್ಟ್ ೧೦ರ ರಾತ್ರಿ ಹತ್ತೊಂಬತ್ತನೆಯ ಗೇಟು ಕೊಚ್ಚಿಹೋದಾಗ ಕೆಳಗಿನ ದಂಡೆಯ ಹಳ್ಳಿಗಳು ಅನುಭವಿಸಿದ ದಿಗಿಲನ್ನು ನೆನೆದರೆ ಬೇಲಿಯೊಳಗಿನ ‘ವನ’ ಏಕೆ ಬೇಕಾಯಿತೆಂಬುದು ತಿಳಿಯುತ್ತದೆ. ಕಾವಲುಗಾರನೂ ಹೊತ್ತಿನ ಕಟ್ಟಳೆಯೂ ಇರುವ ಉದ್ಯಾನವು, ತೆರೆದ ದಂಡೆಯನ್ನು ಕಳೆದುಕೊಂಡವರಿಗೆ ದೊರೆತ ಬದಲಿ. ಬದಲಿಯೆಂಬ ಕಾರಣಕ್ಕೆ ಅದನ್ನು ಕಡೆಗಣಿಸಬೇಕಾಗಿಲ್ಲ. ಜಾತ್ರೆಯ ದಿನ ಅಲ್ಲಿ ಕುಷ್ಟಗಿಯ ರೊಟ್ಟಿಯೂ ಗಂಗಾವತಿಯ ಅನ್ನವೂ ಒಂದೇ ನೆರಳಿನಲ್ಲಿ ಬಿಚ್ಚಿಕೊಳ್ಳುತ್ತವೆ. ನಾಲೆಯ ನೀರು ಎರಡು ಸೀಮೆಗಳ ಊಟವನ್ನು ಹೇಗೆ ಬೇರೆ ಮಾಡಿತೆಂಬುದನ್ನು ಅರಿಯಲು ಇದಕ್ಕಿಂತ ಒಳ್ಳೆಯ ಕ್ಷೇತ್ರಕಾರ್ಯದ ಸ್ಥಳ ಬೇರೆ ಸಿಗಲಾರದು.

ನಾಮಕರಣದ ಪ್ರಕ್ರಿಯೆ ಇನ್ನೂ ನಿಂತಿಲ್ಲ. ಹುಲಿಗಿಗೆ ಬರುವ ರೈಲು ಪ್ರಯಾಣಿಕರು ಇಳಿಯುವ ನಿಲ್ದಾಣ ‘ಮುನಿರಾಬಾದ್’. ಅದಕ್ಕೆ ಹುಲಿಗೆಮ್ಮ ದೇವಿಯ ಹೆಸರಿಡಬೇಕೆಂಬ ಬೇಡಿಕೆ ಇತ್ತೀಚಿನ ವರ್ಷಗಳಲ್ಲಿ ಕೇಳಿಬಂದಿದೆ. ಪಾರಸಿಯ ಹೆಸರಿನ ಜಾಗಕ್ಕೆ ಕನ್ನಡದ ಹೆಸರು ಬರುವುದನ್ನು ಅನೇಕರು ಸ್ವಾಗತಿಸಬಹುದು. ಆದರೆ ‘ಮುನಿರಾಬಾದ್’ ಎಂಬುದೂ ಈ ದಂಡೆಯ ಇತಿಹಾಸದ ಒಂದು ಪದರವೇ. ಗಡಿಯಾಗಿದ್ದ ಹೊಳೆಯ ನೆನಪನ್ನು ಹೊತ್ತ ಹೆಸರು ಈಗ ಅದೊಂದೇ ಉಳಿದಿದೆ. ಇನ್ನೊಂದು ಅಂಶವನ್ನೂ ಗಮನಿಸಬೇಕು. ಬೇಡಿಕೆಯಿರುವುದು ದೇವಿಯ ಹೆಸರಿಗೆ, ಊರಿನ ಹೆಸರಿಗಲ್ಲ. ಪಂಪಾವನದ ಸಂದರ್ಭದಲ್ಲಿ ಆದಂತೆಯೇ ಇಲ್ಲಿಯೂ ಪೂಜ್ಯವಾದ ಹೆಸರು ಮುಂದೆ ಬಂದು ವಾಸದ ಹೆಸರು ಹಿಂದೆ ಸರಿಯುತ್ತಿದೆ. ಕೊಪ್ಪಳ, ಹೊಸಪೇಟೆಗಳ ಬಸ್ ನಿಲ್ದಾಣಗಳಲ್ಲಿ ನಿರ್ವಾಹಕರು ಕೂಗುವುದು ಮಾತ್ರ ‘ಹುಲಿಗಿ, ಹುಲಿಗಿ’ ಎಂದೇ.